ಮೂವತ್ತು ಗುಂಟೆ, ಏಳನೇ ಮಹಡಿ



ಶುಕ್ರವಾರ ರಾತ್ರಿ ಎಂಟರ ಮೇಲೆ ಒಂದ್ಸಲ ಗೊರಗುಂಟೆಪಾಳ್ಯದ ಬಸ್ ಸ್ಟಾಪಿಗೋ, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೋ ಹೋಗಿ ನಿಂತು ನೋಡಿ. ಅಲ್ಲಿ ನಾಗಮಂಗಲ, ಕೆ.ಆರ್.ಪೇಟೆ ಬೋರ್ಡಿನ ಬಸ್ಸು. ಇಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದ ಬಸ್ಸು. ಹತ್ತುವಾಗ ಹುಡುಗರ ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಅದೇ ಹುಡುಗರು ಸೋಮವಾರ ಬೆಳಗಿನ ಜಾವ ವಾಪಸ್ ಬಂದು ಇಳಿಯುವಾಗ ಕೈಯಲ್ಲಿ ರಾಗಿ ಹಿಟ್ಟಿನ ಚೀಲ, ತೆಂಗಿನಕಾಯಿ, ಕಾಲವಾದರೆ ಅವರೆಕಾಯಿ. ಇವರ ವೋಟು ಊರಲ್ಲಿ, ಪಡಿತರ ಚೀಟಿ ಊರಲ್ಲಿ, ಮನೆದೇವರು ಊರಲ್ಲಿ. ನಿದ್ದೆ ಮಾತ್ರ ಬೆಂಗಳೂರಲ್ಲಿ, ಅದೂ ಬಾಡಿಗೆಗೆ.

ಇವತ್ತಿನ ಮಾತು ಇವರ ಬಗ್ಗೆ. ರಾತ್ರಿ ಒಂಬತ್ತರ ಚರ್ಚೆಗೆ ಈ ವಿಷಯ ಬರಲ್ಲ. ಇದರಲ್ಲಿ ಯಾರೂ ಯಾರ ಮೇಲೂ ಕೂಗಾಡಲ್ಲ, ಪಕ್ಷದ ವಕ್ತಾರರು ಬರಲ್ಲ. ಆದರೆ ನಮ್ಮ ಆ ನಾಲ್ಕು ತಾಲ್ಲೂಕಿನಲ್ಲಿ ಇವತ್ತು ಜಗಲಿ ಮೇಲೆ ಕೂತವರು ನಿಜವಾಗಿ ಚರ್ಚೆ ಮಾಡ್ತಿರೋದು ಇದನ್ನೇ: ಮಗ ಬೆಂಗಳೂರಿನ ಅಂಚಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದಾನೆ. ಬಾಡಿಗೆ ಕಟ್ಟುತ್ತಲೇ ಇರೋದಾ, ಇಲ್ಲ ಜಮೀನು ಮಾರಿ ಫ್ಲ್ಯಾಟ್ ತಗೊಳ್ಳೋದಾ?

ನನಗೆ ಈ ಪ್ರಶ್ನೆ ಎದುರಾಗಿದ್ದು ಕೆ.ಆರ್.ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ, ಬೀಗರ ಊಟದ ದಿನ. ಊಟ ಮುಗಿಸಿ ಕೈ ತೊಳೆಯೋಕೆ ಹೋದವನನ್ನ ನಮ್ಮ ಭಾವ, ಅಂದರೆ ದೊಡ್ಡಕ್ಕನ ಯಜಮಾನರು, ಮರದ ನೆರಳಿಗೆ ಕರೆದುಕೊಂಡು ಹೋದರು. ಎಲೆ ಅಡಿಕೆ ಮಡಿಸಿ ಕೊಟ್ಟರು. ಆಮೇಲೆ ಶುರು ಮಾಡಿದರು.

“ಅಲ್ಲ ಕಣಪ್ಪ, ತಿಂಗ್ಳು ತಿಂಗ್ಳು ಇಪ್ಪತ್ತೊಂದು ಸಾವ್ರ ಯಾರ್ದೋ ಕೈಗೆ ಸುರೀತಾವ್ನೆ ನಿಮ್ಮಕ್ಕನ್ ಮಗ. ಏನ್ ಸಿಕ್ತು ಅದ್ರಿಂದ? ಅದೇ ದುಡ್ಡು ಬ್ಯಾಂಕಿಗೆ ಕಟ್ಟುದ್ರೆ ಮನೆ ನಮ್ದಾಯ್ತದೆ. ರಸ್ತೆ ಪಕ್ಕದ ಮೂವತ್ತು ಗುಂಟೆಗೆ ಬೆಂಗ್ಳೂರಿನ ಪಾರ್ಟಿ ಇಪ್ಪತ್ತೈದು ಲಕ್ಷ ಹೇಳವ್ರೆ. ಕೊಟ್ಬುಡ್ಲಾ? ಇಟ್ಕಂಡು ಏನ್ ಮಾಡಾದು, ಅವ್ನೇನ್ ಬಂದು ಉಳ್ತಾನಾ?”

ಟಿವಿಯಲ್ಲಿ ಬರುವವನಿಗೆ ಎಲ್ಲ ಗೊತ್ತಿರುತ್ತೆ ಅಂತ ನಮ್ಮ ನೆಂಟರ ನಂಬಿಕೆ. “ಒಂದು ವಾರ ಟೈಮ್ ಕೊಡಿ ಭಾವ, ಅವನ ಮನೆಗೆ ಹೋಗಿ ನೋಡಿ ಹೇಳ್ತೀನಿ” ಅಂದೆ. ಹೋದೆ.

ಅಕ್ಕನ ಮಗ ಇರೋದು ಕೆಂಗೇರಿಯಿಂದ ಆಚೆ, ನೇರಳೆ ಮಾರ್ಗದ ಕೊನೆಯ ನಿಲ್ದಾಣ ಚಲ್ಲಘಟ್ಟದಿಂದ ಬೈಕಿನಲ್ಲಿ ಹತ್ತು ನಿಮಿಷ. ಏಳನೇ ಮಹಡಿ, ಎರಡು ಬೆಡ್‌ರೂಮು. ಮೈಸೂರು ರಸ್ತೆ ಕಡೆಗೇ ಯಾಕೆ ಅಂದರೆ, ಊರಿಗೆ ಹತ್ತಿರ ಅಂತ. ಇದು ನಮ್ಮವರ ಹಳೇ ಲೆಕ್ಕ. ನಾಗಮಂಗಲದವರು ನೆಲಮಂಗಲದ ಕಡೆಯಿಂದ ಬಂದು ದಾಸರಹಳ್ಳಿ, ಲಗ್ಗೆರೆ ಸುತ್ತ ನಿಲ್ಲುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರದವರು ಮೈಸೂರು ರಸ್ತೆಗೆ ಅಂಟಿಕೊಳ್ಳುತ್ತಾರೆ. ಊರ ಬಸ್ಸು ಎಲ್ಲಿ ನಿಲ್ಲುತ್ತೋ ಅಲ್ಲೇ ಮನೆ. ಆದರೆ ಇವನ ಕೆಲಸ ಇರೋದು ವೈಟ್‌ಫೀಲ್ಡಿನಲ್ಲಿ, ಊರಿನ ಇನ್ನೊಂದು ತುದಿಯಲ್ಲಿ.

ಬೆಂಗಳೂರಲ್ಲಿ ಬಾಡಿಗೆ 21,000 ಅಂದರೆ 21,000 ಅಲ್ಲ. ಮನೆಗೆ ಮೇಂಟೆನೆನ್ಸ್ ತಿಂಗಳಿಗೆ 3,200. ಮೆಟ್ರೊ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90ಕ್ಕೆ ಏರಿತಲ್ಲ, ಈ ಹುಡುಗ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವನು, ಪೂರ್ತಿ 90 ಕೊಡುವವನು. ಹೋಗಿ ಬರೋಕೆ 180. ಕಾರ್ಡಿನ ರಿಯಾಯಿತಿ ಕಳೆದರೂ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ನಿಲ್ದಾಣದ ಪಾರ್ಕಿಂಗು, ಕುಡಿಯೋ ನೀರಿನ ಕ್ಯಾನು, ಕರೆಂಟ್ ಹೋದಾಗ ಓಡುವ ಜನರೇಟರ್ ಬಿಲ್ಲು. ಗೃಹಜ್ಯೋತಿ ಬಾಡಿಗೆದಾರನಿಗೂ ಸಿಗುತ್ತೆ, ಇವನು ಆಧಾರ್ ಜೋಡಿಸಿಕೊಂಡಿದ್ದಾನೆ, ಒಳ್ಳೇದು. ಆದರೆ ಜನರೇಟರಿನ ಡೀಸೆಲ್ಲಿಗೆ ಯಾವ ಗ್ಯಾರಂಟಿಯೂ ಇಲ್ಲ. ಎಲ್ಲ ಸೇರಿ 29,000 ಮುಟ್ಟುತ್ತೆ. ದಿನಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲ ಪ್ರಯಾಣ. ಆಫೀಸಿನ ಹತ್ತಿರ ಇಂಥದ್ದೇ ಮನೆ ಕೇಳಿದ್ದಕ್ಕೆ 34,000 ಹೇಳಿದರಂತೆ, ಮೇಂಟೆನೆನ್ಸ್ ಬೇರೆ. ಅಂದರೆ ಊರಾಚೆ ಇದ್ದು ಅವನು ಉಳಿಸ್ತಿರೋದು ಎಂಟೊಂಬತ್ತು ಸಾವಿರ, ಅದಕ್ಕೆ ಕೊಡ್ತಿರೋದು ತಿಂಗಳಿಗೆ 66 ಗಂಟೆ. ಇದು ಲಾಭವೋ ನಷ್ಟವೋ ಅಂತ ನಾನು ಹೇಳಲ್ಲ. ಮೂರು ವರ್ಷದ ಮಗುವನ್ನ ಎಚ್ಚರವಾಗಿರುವಾಗ ನೋಡೋಕೆ ಸಿಗೋದು ಶನಿವಾರ, ಭಾನುವಾರ ಅಂತ ಅವನೇ ಹೇಳಿದ.

“ಹಾಗಾದ್ರೆ ಯಾಕಪ್ಪ ಇಲ್ಲೇ ಇದ್ದೀಯ?” ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ಅವನ ಹೆಂಡತಿ.

“ಅಂಕಲ್, ಮೊದಲು ಸುಂಕದಕಟ್ಟೇಲಿ ಒಂಟಿ ಮನೇಲಿದ್ವಿ. ಓನರ್ ಕೆಳಗಡೆ. ಕರೀಮೀನು ಹುರಿದ್ರೆ ಮೇಲಕ್ಕೆ ಬಂದು ಏನ್ ವಾಸನೆ ಅಂತ ಕೇಳೋರು. ನಮ್ಮತ್ತೆ ಬಂದು ಒಂದು ವಾರ ಇದ್ರೆ, ಎಷ್ಟು ದಿನ ಇರ್ತಾರೆ ಅಂತ ಕೇಳೋರು. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಮನೆ ನೋಡೋಕೆ ಹೋದಾಗ ಎಷ್ಟು ಕಡೆ ಮೊದಲ ಪ್ರಶ್ನೆನೇ ನೀವು ಯಾವ ಜನ ಅಂತ. ಇಲ್ಲಿ ಓನರ್ ಅಮೆರಿಕದಲ್ಲಿದ್ದಾರೆ. ಬಾಡಿಗೆ ಬಂತಾ, ಮುಗೀತು. ಇವರು ರಾತ್ರಿ ಹನ್ನೊಂದಕ್ಕೆ ಬಂದ್ರೂ ಗೇಟಲ್ಲಿ ಜನ ಇರ್ತಾರೆ. ನಾನು, ಮಗು ಇಬ್ಬರೇ ಇದ್ರೂ ಭಯ ಇಲ್ಲ. ಮಗುಗೆ ಕೆಳಗಡೆ ಆಟಕ್ಕೆ ಹತ್ತು ಮಕ್ಕಳು ಸಿಗ್ತಾರೆ. ಇದು ನಂಗೆ ದೊಡ್ಡದು.”

ನಾವು ಗಂಡಸರು ಚದರಡಿ ಲೆಕ್ಕ ಹಾಕ್ತೀವಿ. ಆ ಹೆಣ್ಣುಮಗಳು ಹೇಳಿದ್ದನ್ನ ಯಾವ ಲೆಕ್ಕದ ಹಾಳೆಯಲ್ಲೂ ಬರೆಯೋಕೆ ಬರಲ್ಲ. ಎಲ್ಲ ಅಪಾರ್ಟ್‌ಮೆಂಟೂ ಹೀಗೇ ಇಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಸಸ್ಯಾಹಾರಿಗಳಿಗೆ ಮಾತ್ರ ಅನ್ನೋ ಮನೆಗಳು ಏಳನೇ ಮಹಡಿಯಲ್ಲೂ ಇವೆ. ಮದುವೆಯಾಗದ ಹುಡುಗರಿಗೆ ಕೊಡಲ್ಲ ಅನ್ನೋ ಸಂಘಗಳೂ ಇವೆ.

ಇನ್ನು ಅಕ್ಕನ ಕಥೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ನಮ್ಮಕ್ಕ ಬೆಂಗಳೂರಿಗೆ ಎರಡು ತಿಂಗಳಿಗೊಮ್ಮೆ ಬರುತ್ತಾಳೆ. ಮೊದಲ ಸಲ ಬಂದಾಗ ತಲೆ ಮೇಲೆ ರಾಗಿ ಚೀಲ, ಕೈಯಲ್ಲಿ ಕಾಯಿ ಗಂಟು. ಗೇಟಿನಲ್ಲಿ ತಡೆದರು. ಫೋನಿನ ಆ್ಯಪಿನಲ್ಲಿ ಮನೆಯವರು ಒಪ್ಪಿಗೆ ಕೊಡಬೇಕು. ಮಗ ಮೆಟ್ರೊದಲ್ಲಿದ್ದ, ಸೊಸೆ ಮಗುವನ್ನ ಮಲಗಿಸ್ತಾ ಫೋನ್ ಸದ್ದು ನಿಲ್ಲಿಸಿದ್ದಳು. ಇಪ್ಪತ್ತೈದು ನಿಮಿಷ ಬಿಸಿಲಲ್ಲಿ ನಿಂತಳು. ಒಪ್ಪಿಗೆ ಬಂದ ಮೇಲೆ, ಚೀಲ ಇದೆಯಲ್ಲ ಅಂತ, ಸಾಮಾನು ಸಾಗಿಸೋ ಲಿಫ್ಟಿಗೆ ಕಳಿಸಿದರು. “ನಾನೂ ಸಾಮಾನೇನಾ?” ಅಂತ ನಗ್ತಾ ಹೇಳ್ತಾಳೆ ಅಕ್ಕ. ಆದರೆ ಪ್ರತಿ ಸಲ ಸಿಕ್ಕಾಗಲೂ ಇದನ್ನ ಹೇಳ್ತಾಳೆ. ಗೇಟಿನ ಹುಡುಗನ ತಪ್ಪಲ್ಲ, ಅವನಿಗೆ ಕೊಟ್ಟ ನಿಯಮ ಅದು. ಆ ನಿಯಮ ಮಾಡಿದ ಸಭೆಯಲ್ಲಿ ನಮ್ಮ ಹುಡುಗನಿಗೆ ಕುರ್ಚಿ ಇಲ್ಲ, ಅಷ್ಟೇ. ಅಪಾರ್ಟ್‌ಮೆಂಟ್ ಸಂಘ ಅಂದರೆ ಮಾಲೀಕರ ಸಂಘ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಹೆಸರಲ್ಲೇ ಅದು ಇದೆ. ಮೇಂಟೆನೆನ್ಸ್ ಕಟ್ಟೋನು ಇವನು, ಅದನ್ನ ಏರಿಸೋಕೆ ಕೈ ಎತ್ತೋನು ಅಮೆರಿಕದಲ್ಲಿರೋನು. ಪಾಲಿಕೆಯಲ್ಲಾದರೂ ದನಿ ಇದೆಯಾ ಅಂದರೆ, ಬೆಂಗಳೂರಿನ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಇವನ ವೋಟು ಹೇಗೂ ಅಕ್ಕಿಹೆಬ್ಬಾಳಿನ ಕಡೆ ಇದೆ.

ಭಾವ ಬಂದಿದ್ದು ಒಂದೇ ಸಲ. ಸಂಜೆವರೆಗೂ ಮನೆಯೊಳಗೆ ಕೂರೋಕಾಗದೆ ಕೆಳಗಿಳಿದು, ಗಿಡಕ್ಕೆ ನೀರು ಬಿಡೋ ಆಳನ್ನ ಮಾತಾಡಿಸಿದ್ದಾರೆ. ಆತ ಬೆಳ್ಳೂರು ಕ್ರಾಸ್ ಹತ್ತಿರದವನು. ಅಲ್ಲಿಗೆ ಭಾವನಿಗೆ ಜೀವ ಬಂತು. ರಾತ್ರಿ ಊಟಕ್ಕೆ ಕೂತಾಗ ನೀರು ಕುಡಿದು ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಇದ್ಯಾವ್ ನೀರ್ಲಾ ಮಗ?”

ನೋಡಿ, ಆ ಪ್ರಶ್ನೆ ಕೇಳಿದವರ ಊರು ಯಾವುದು? ಅಲ್ಲಿಂದ ಕೂಗಳತೆಯಲ್ಲಿ ಹೇಮಾವತಿ ಹರಿಯುತ್ತಾಳೆ. ಮುಂದೆ ಅಂಬಿಗರಹಳ್ಳಿ ಸಂಗಮದಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರುತ್ತವೆ, ಕನ್ನಂಬಾಡಿ ಕಟ್ಟೆಯ ಹಿನ್ನೀರು ಅದು. ಕಟ್ಟೆಯ ನೀರಿಗಾಗಿ ಹಳೇ ಕನ್ನಂಬಾಡಿಯೇ ಮುಳುಗಿತು. ಆ ನೀರು ಬೆಂಗಳೂರಿಗೆ ಬರುತ್ತೆ. 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು. ದಿನಕ್ಕೆ 77.5 ಕೋಟಿ ಲೀಟರು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ. ಆದರೆ ನಮ್ಮ ಹುಡುಗನ ಅಪಾರ್ಟ್‌ಮೆಂಟಿನ ಸಂಪಿಗೆ ಇವತ್ತಿಗೂ ಅರ್ಧ ತುಂಬೋದು ಟ್ಯಾಂಕರಿನ ಬೋರ್‌ವೆಲ್ ನೀರು. 2024ರ ಮಾರ್ಚ್ ನೆನಪಿದೆಯಾ? ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಕಟ್ಟಬೇಕಾಯ್ತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ. ಆ ಬೇಸಿಗೆಯಲ್ಲಿ ಇವನ ಮೇಂಟೆನೆನ್ಸಿಗೆ ತಿಂಗಳಿಗೆ 900 ಹೆಚ್ಚುವರಿ ಸೇರಿತ್ತಂತೆ. ಬಾಡಿಗೆಗೆ ಮನೆ ನೋಡೋಕೆ ಹೋಗುವವರು ಈಜುಕೊಳ ಇದೆಯಾ ಅಂತ ನೋಡ್ತಾರೆ. ಈಜುಕೊಳ ಬಿಡಿ, ಗೇಟಿನ ಹತ್ತಿರ ಬೆಳಗ್ಗೆ ಆರಕ್ಕೆ ನಿಂತು ಎಷ್ಟು ಟ್ಯಾಂಕರ್ ಒಳಗೆ ಹೋಗುತ್ತೆ ಅಂತ ಎಣಿಸಿ. ಏಪ್ರಿಲ್ ತಿಂಗಳ ಮೇಂಟೆನೆನ್ಸ್ ರಸೀದಿ ತೋರಿಸಿ ಅಂತ ಕೇಳಿ. ಡಿಸೆಂಬರಿನದ್ದಲ್ಲ, ಏಪ್ರಿಲ್‌ನದ್ದು.

ಒಂದು ವಾರ ಆಯ್ತು. ಭಾವನ ಮನೆಗೆ ಹೋದೆ. ಜಗಲಿ ಮೇಲೆ ಕೂತು ಕಾಗದ ತೆಗೆದೆ.

ಫ್ಲ್ಯಾಟಿಗೆ 68 ಲಕ್ಷ ಹೇಳ್ತಿದ್ದಾರೆ. ಮುದ್ರಾಂಕ ಶುಲ್ಕ ನೂರಕ್ಕೆ ಐದು. ನೋಂದಣಿ ಶುಲ್ಕ ಒಂದಿತ್ತು, 2025ರ ಆಗಸ್ಟ್ 31ರಿಂದ ಎರಡಾಯ್ತು. ಮೇಲೆ ಒಂದಷ್ಟು ಸೆಸ್ಸು. ಐದು ಲಕ್ಷ ಅಲ್ಲಿಗೆ ಹೋಯ್ತು. 73. ಕಪಾಟು, ಫ್ಯಾನು, ಗ್ರಿಲ್ಲು ಅಂತ ಇನ್ನೆರಡು ಹಿಡೀರಿ, 75. ಜಮೀನಿನ 25 ಹಾಕಿದರೆ ಸಾಲ 50 ಲಕ್ಷ. ಎಂಟೂವರೆ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು 43,400. ಮೇಂಟೆನೆನ್ಸ್ ಮಾಲೀಕನಿಗೂ ತಪ್ಪಲ್ಲ. 46,600. ಈಗ ಕಟ್ಟುತ್ತಿರೋದು 24,200. “ಅದೇ ದುಡ್ಡು ಬ್ಯಾಂಕಿಗೆ ಕಟ್ಟುದ್ರೆ” ಅಂದ್ರಲ್ಲ ಭಾವ, ಅದೇ ದುಡ್ಡಲ್ಲ ಅದು. ಹತ್ತಿರ ಹತ್ತಿರ ಎರಡರಷ್ಟು. ಬ್ಯಾಂಕು ಕೊಡೋದು 50 ಲಕ್ಷ, ವಾಪಸ್ ತಗೊಳ್ಳೋದು ಒಂದು ಕೋಟಿ ನಾಲ್ಕು ಲಕ್ಷ.

ಇನ್ನೊಂದು ಕಡೆಯಿಂದ ನೋಡಿ. ಆ ಅಮೆರಿಕದ ಮಾಲೀಕನಿಗೆ ವರ್ಷಕ್ಕೆ ಬರೋ ಬಾಡಿಗೆ 2 ಲಕ್ಷ 52 ಸಾವಿರ. 68 ಲಕ್ಷದ ಮನೆಗೆ ನೂರಕ್ಕೆ ನಾಲ್ಕು ರೂಪಾಯಿಯೂ ಹುಟ್ಟಲಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ ಅದಕ್ಕಿಂತ ಜಾಸ್ತಿ ಬರುತ್ತಿತ್ತು. ಅಂದರೆ ನಮ್ಮ ಹುಡುಗ ಅಗ್ಗಕ್ಕೇ ಇದ್ದಾನೆ. ಬಾಡಿಗೆ ದುಡ್ಡು ನೀರಲ್ಲಿ ಹೋಮ ಅಂತ ಎಲ್ಲರೂ ಹೇಳ್ತಾರೆ. ಸಾಲದ ಮೊದಲ ವರ್ಷ ಕಟ್ಟೋ ಐದು ಲಕ್ಷ ಚಿಲ್ಲರೆಯಲ್ಲಿ ನಾಲ್ಕು ಲಕ್ಷದ ಮೇಲೆ ಬರೀ ಬಡ್ಡಿಗೇ ಹೋಗುತ್ತಲ್ಲ, ಅದನ್ನ ಯಾಕೆ ಯಾರೂ ಹಾಗೆ ಹೇಳಲ್ಲ?

ಭಾವ ಸುಲಭಕ್ಕೆ ಸೋಲೋರಲ್ಲ. “ಬಾಡ್ಗೆ ವರ್ಷ ವರ್ಷ ಏರ್ತದಲ್ಲಪ್ಪ. ಸಾಲದ ಕಂತು ಏರಲ್ಲ” ಅಂದರು. ಸರಿಯಾದ ಮಾತು, ಬಡ್ಡಿ ದರ ಬದಲಾಗದಿದ್ದರೆ. ಮೊಬೈಲಿನಲ್ಲಿ ಲೆಕ್ಕ ಹಾಕಿದ್ವಿ. ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಇವತ್ತಿನ ಬಾಡಿಗೆ ಆ ಕಂತನ್ನ ದಾಟೋಕೆ 15 ವರ್ಷ ಬೇಕು. ಹತ್ತರಂತೆ ಏರಿದರೆ ಎಂಟೇ ವರ್ಷ. ಹಾಗಾಗಿ ಇಡೀ ವಿಷಯ ನಿಂತಿರೋದು ಕರಾರಿನ ಆ ಒಂದು ಸಾಲಿನ ಮೇಲೆ. ಐದಾ, ಹತ್ತಾ? ನಮ್ಮ ಹುಡುಗ ಅದನ್ನ ಓದದೇ ಸಹಿ ಹಾಕಿದ್ದ. ಅದರಲ್ಲಿ ಹತ್ತು ಅಂತ ಇತ್ತು.

ಕರಾರಿನ ವಿಷಯ ಬಂತಲ್ಲ, ಇದನ್ನ ಸ್ವಲ್ಪ ಗಮನಕೊಟ್ಟು ಕೇಳಿ. ಎಲ್ಲ ಕರಾರೂ 11 ತಿಂಗಳಿಗೇ ಯಾಕೆ? ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೆ. ನೋಂದಣಿ ತಪ್ಪಿಸಿಕೊಳ್ಳೋ ಈ ಜಾಣತನದಿಂದ ಇಬ್ಬರಿಗೂ ಖರ್ಚು ಉಳಿಯುತ್ತೆ, ಆದರೆ ಪ್ರತಿ 11 ತಿಂಗಳಿಗೂ ಬಾಡಿಗೆದಾರನ ಎದೆ ಡವಡವ ಅನ್ನುತ್ತೆ. ನಮ್ಮ ಹುಡುಗ ಐದು ವರ್ಷದಲ್ಲಿ ಮೂರು ಮನೆ ಬದಲಾಯಿಸಿದ್ದಾನೆ. ಒಂದು ಮನೆ ಬಿಡಿಸಿದ್ದು, ಓನರ್ ಮನೆ ಮಾರಿದರು ಅಂತ. ಮಗು ಶಾಲೆಗೆ ಸೇರಿದ ಮೇಲೆ ಹೀಗಾದರೆ? ಕಾನೂನು ಕಾಪಾಡುತ್ತೆ ಅಂದುಕೊಂಡಿದ್ದರೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯವೇ ಆಗಲ್ಲ. ಇವತ್ತು ಆ ದುಡ್ಡಿಗೆ ಕಾರ್ ನಿಲ್ಲಿಸೋ ಜಾಗ ಸಿಗಬಹುದು. ಮಿಕ್ಕವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬರವಣಿಗೆಯಲ್ಲಿ ಬೇರೆ ಏನೂ ಇಲ್ಲದಿದ್ದರೆ ತಿಂಗಳ ಬಾಡಿಗೆದಾರನನ್ನ ಬಿಡಿಸೋಕೆ 15 ದಿನದ ನೋಟಿಸ್ ಸಾಕು. ಹದಿನೈದು ದಿನ! ಅದಕ್ಕೇ ಎರಡು ತಿಂಗಳೋ ಮೂರು ತಿಂಗಳೋ ನೋಟಿಸ್ ಅಂತ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಆಮೇಲೆ ಅಡ್ವಾನ್ಸು. ಬೆಂಗಳೂರಿನ ಹಳೇ ಪದ್ಧತಿ ಹತ್ತು ತಿಂಗಳ ಬಾಡಿಗೆ. ಈಗ ಕೆಲವು ಕಡೆ ಐದಾರಕ್ಕೆ ಇಳಿದಿದೆ, ಇವನು ಕೊಟ್ಟಿದ್ದು ಎರಡು ಲಕ್ಷ. ಆ ಎರಡು ಲಕ್ಷ ಹುಟ್ಟಿಸೋಕೆ ನಮ್ಮಕ್ಕ ಒಡವೆ ಅಡ ಇಟ್ಟಿದ್ದಳು ಅನ್ನೋದು ನನಗೆ ಗೊತ್ತಾಗಿದ್ದೇ ಮೊನ್ನೆ. ಅದಕ್ಕೆ ಬಡ್ಡಿ ಇಲ್ಲ. ಮನೆ ಬಿಡುವಾಗ ಬಣ್ಣ ಬಳಿಯೋಕೆ ಅಂತ ಒಂದು ತಿಂಗಳ ಬಾಡಿಗೆ ಮುರೀತಾರೆ. ಹಿಂದಿನ ಮನೆಯಲ್ಲಿ ಬಣ್ಣದ ಜೊತೆಗೆ ಗೋಡೆಗೆ ಹೊಡೆದ ಎರಡು ಮೊಳೆ ಲೆಕ್ಕ ಹಾಕಿ ಇನ್ನೂ ನಾಲ್ಕು ಸಾವಿರ ಮುರಿದಿದ್ದರು. ಒಂದು ಮೊಳೆಯಲ್ಲಿ ಕ್ಯಾಲೆಂಡರ್ ಇತ್ತು, ಇನ್ನೊಂದರಲ್ಲಿ ನಮ್ಮಪ್ಪನ ಫೋಟೋ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಅಂತ ಅದರಲ್ಲಿದೆ. ಆದರೆ ಅದು ಮಾದರಿ. ರಾಜ್ಯ ತನ್ನದು ಅಂತ ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಯಾವ ಪಕ್ಷದ ಸರ್ಕಾರ ಬಂದರೂ ಬಾಡಿಗೆದಾರನ ನೆನಪು ಬರೋದು ಕಷ್ಟ. ಯಾಕೆ ಅಂತ ಆಗಲೇ ಹೇಳಿದೆನಲ್ಲ, ಅವನ ವೋಟು ಊರಲ್ಲಿದೆ.

ಇಷ್ಟೆಲ್ಲ ತೊಂದರೆ ಇರೋದು ನಿಜ. ಹಾಗಿದ್ದರೂ ಭಾವನಿಗೆ ನಾನು ಹೇಳಿದ್ದು, ಹುಡುಗ ಬಾಡಿಗೆಯಲ್ಲೇ ಇರಲಿ, ಮೂವತ್ತು ಗುಂಟೆ ಮಾರಬೇಡಿ ಅಂತ. ಕಾರಣ ಬರೀ ಕಂತಿನ ಲೆಕ್ಕ ಅಲ್ಲ.

2020ರ ಮೇ ತಿಂಗಳು. ನಾನು ಸ್ಟುಡಿಯೋದಲ್ಲಿ ಕೂತು ಸಂಜೆ ಸಂಜೆ ಸೋಂಕಿನ ಅಂಕಿ ಓದ್ತಿದ್ದೆ. ಮಂಡ್ಯ ಜಿಲ್ಲೆ ಅಂತ ಬಂದಾಗೆಲ್ಲ ಕೆ.ಆರ್.ಪೇಟೆ, ನಾಗಮಂಗಲ, ಮುಂಬೈ ಪ್ರಯಾಣದ ಹಿನ್ನೆಲೆ ಅಂತ ಓದ್ತಿದ್ದೆ. ನಮ್ಮ ಕಡೆಯವರು ಎಷ್ಟೋ ವರ್ಷಗಳಿಂದ ಹೊಟ್ಟೆಪಾಡಿಗೆ ಮುಂಬೈಗೆ ಹೋದವರು. ಹೋಟೆಲು, ಟ್ಯಾಕ್ಸಿ, ಸಣ್ಣ ವ್ಯಾಪಾರ. ಒಂದು ಕೋಣೆಯ ಬಾಡಿಗೆ ಮನೆ. ಕೆಲಸ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಎಲ್ಲರೂ ಊರ ಕಡೆ ಮುಖ ಮಾಡಿದರು. ಅವತ್ತು ಟಿವಿಯಲ್ಲಿ ನಾವು ಅವರನ್ನ ಸೋಂಕು ಹೊತ್ತು ತಂದವರು ಅನ್ನೋ ಥರ ತೋರಿಸಿದ್ವಿ. ಆ ಧಾಟಿಯಲ್ಲಿ ಮಾತಾಡಿದವರಲ್ಲಿ ನಾನೂ ಒಬ್ಬ, ಇವತ್ತಿಗೂ ಅದು ಚುಚ್ಚುತ್ತೆ. ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮುಗಿಸಿದ ಮೇಲೆ ಅವರೆಲ್ಲಿಗೆ ಹೋದರು ಅಂತ ನಾವು ತೋರಿಸಲಿಲ್ಲ. ಊರಲ್ಲಿ ಅಪ್ಪನದ್ದೋ ಅಣ್ಣನದ್ದೋ ಹತ್ತು ಗುಂಟೆ ಇದ್ದವನು ಅಲ್ಲಿಗೆ ಹೋದ, ರಾಗಿ ಬಿತ್ತಿದ, ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕಿದ. ಎಲ್ಲ ಮಾರಿಕೊಂಡು ಹೋದವನೂ ಬಂದಿದ್ದ, ನಮ್ಮ ಊರಿಗೇ ಒಬ್ಬ ಬಂದಿದ್ದ. ಚಿಕ್ಕಪ್ಪನ ಮನೆಯ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಹೆಂಡತಿ ಮಕ್ಕಳ ಜೊತೆ ಮೂರು ತಿಂಗಳು ಇದ್ದ. ಯಾರ ಕಣ್ಣನ್ನೂ ನೋಡಿ ಮಾತಾಡುತ್ತಿರಲಿಲ್ಲ.

ಐಟಿ ಕಂಪನಿಯ ಕೆಲಸ ಟ್ಯಾಕ್ಸಿಯ ಕೆಲಸಕ್ಕಿಂತ ಗಟ್ಟಿ ಅಂತ ಮೊದಲು ಅಂದುಕೊಂಡಿದ್ವಿ. ಈಗ ಹಾಗೆ ಹೇಳೋ ಧೈರ್ಯ ಯಾರಿಗಿದೆ? ಬಾಡಿಗೆ ಮನೆಯಲ್ಲಿರೋನ ಕೆಲಸ ಹೋದರೆ ಎರಡು ತಿಂಗಳ ನೋಟಿಸ್ ಕೊಟ್ಟು ಸಣ್ಣ ಮನೆಗೆ ಹೋಗಬಹುದು. 43,400 ಕಂತು ಇರೋನು ಎಲ್ಲಿಗೆ ಹೋಗ್ತಾನೆ? ಅತ್ತ ಊರಲ್ಲೂ ಏನೂ ಉಳಿದಿಲ್ಲ ಅಂದರೆ? ಇನ್ನೊಂದು ಮಾತು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳೋಕೆ ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನ 2020ರಲ್ಲಿ ಭೂಸುಧಾರಣಾ ಕಾಯ್ದೆಯಿಂದ ತೆಗೆದರು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆ ಆಯ್ತು. ಈಗ ಬೆಂಗಳೂರಿನವರಿಗೆ ಪಾಂಡವಪುರವೂ ಹತ್ತಿರ, ನಾಗಮಂಗಲವೂ ಹತ್ತಿರ. ಕೊಳ್ಳೋರು ಇವತ್ತೂ ಇರ್ತಾರೆ, ಐದು ವರ್ಷ ಬಿಟ್ಟೂ ಇರ್ತಾರೆ. ಒಂದ್ಸಲ ಮಾರಿದರೆ ಮತ್ತೆ ಅದೇ ಬೆಲೆಗೆ ಮೂವತ್ತು ಗುಂಟೆ ತಗೊಳ್ಳೋಕೆ ನಮ್ಮ ಕೈಯಲ್ಲಾಗಲ್ಲ.

ಹಾಗಂತ ಎಲ್ಲರಿಗೂ ಇದೇ ಉತ್ತರ ಅಲ್ಲ. ಬೆಂಗಳೂರಲ್ಲೇ ಹದಿನೈದು ವರ್ಷ ಇರ್ತೀನಿ, ಸಂಬಳದಲ್ಲೇ ಕಂತು ಕಟ್ಟುತ್ತೀನಿ, ಊರ ಭೂಮಿ ಮುಟ್ಟಲ್ಲ ಅನ್ನೋ ಶಕ್ತಿ ಇದ್ದರೆ ಫ್ಲ್ಯಾಟ್ ತಗೊಳ್ಳಿ, ನಾನ್ಯಾರು ಬೇಡ ಅನ್ನೋಕೆ. ಪಾಂಡವಪುರದ ನನ್ನ ಗೆಳೆಯರೊಬ್ಬರ ಆಫೀಸು ಮೆಜೆಸ್ಟಿಕ್ ಹತ್ತಿರ. ಅವರು ಬಾಡಿಗೆಯ ಗೊಡವೆಗೇ ಹೋಗಲಿಲ್ಲ, ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತುತ್ತಾರೆ, ಪಾಸು ಇದೆ, ರಾತ್ರಿ ಸ್ವಂತ ಮನೆಯಲ್ಲಿ ಮುದ್ದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ, ನಗುವನಹಳ್ಳಿ ಕಡೆಯ ಮಕ್ಕಳಿಗೆ ಮೈಸೂರಲ್ಲೇ ಕೆಲಸ ಸಿಕ್ಕಿದರೆ ಅವರಷ್ಟು ಪುಣ್ಯವಂತರಿಲ್ಲ. ನಾಗಮಂಗಲ, ಕೆ.ಆರ್.ಪೇಟೆಯ ಒಳಹಳ್ಳಿಗಳಿಗೆ ಆ ಅನುಕೂಲ ಇಲ್ಲ. ಕಾರಿದ್ದರೆ ಶೇಷಗಿರಿಹಳ್ಳಿಯಲ್ಲೊಂದು, ಗಣಂಗೂರಿನಲ್ಲೊಂದು ಟೋಲು. ಬೈಕಾದರೆ ಹೆದ್ದಾರಿಯ ಮೇಲೇ ಬಿಡಲ್ಲ, 2023ರ ಆಗಸ್ಟಿನಿಂದ ಸರ್ವಿಸ್ ರಸ್ತೆಯೇ ಗತಿ.

ಭಾವ ಅವತ್ತು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ಹಸುವಿಗೆ ಹುಲ್ಲು ಹಾಕೋಕೆ ಹೋದರು. ಅಕ್ಕ ಒಳಗಿಂದ ಕೇಳಿಸಿಕೊಳ್ತಿದ್ದವಳು, ನಾನು ಹೊರಡುವಾಗ ಬಾಗಿಲಿಗೆ ಬಂದು, “ಮಾರ್ಬ್ಯಾಡಿ ಅಂತ ನಾನ್ ಹೇಳುದ್ರೆ ನಿಂಗೇನ್ ಗೊತ್ತಾಯ್ತದೆ ಅಂತಿದ್ರು. ಟಿವಿಯವ್ನು ಹೇಳವ್ನೆ, ಈಗ ನೋಡನ” ಅಂದಳು.

ಬೆಂಗಳೂರಿನ ಹುಡುಗ ಈ ಸಲ ಕರಾರು ಹೊಸದು ಮಾಡುವಾಗ ಮಾಲೀಕರಿಗೆ ಮೇಲ್ ಬರೆದ. ಏರಿಕೆ ನೂರಕ್ಕೆ ಐದು, ನೋಟಿಸ್ ಮೂರು ತಿಂಗಳು, ಬಣ್ಣಕ್ಕೆ ಇಷ್ಟೇ ಅಂತ ಒಂದು ಮೊತ್ತ, ಮನೆಗೆ ಸೇರುವಾಗಲೇ ತೆಗೆದ ಗೋಡೆಗಳ ಫೋಟೋ ಲಗತ್ತು. ಏರಿಕೆ ಆರಕ್ಕೆ ಒಪ್ಪಿದರು, ನೋಟಿಸ್ ಎರಡು ತಿಂಗಳಿಗೆ. ಬಣ್ಣದ ವಿಷಯಕ್ಕೆ ಉತ್ತರವೇ ಬರಲಿಲ್ಲ. ಅಪಾರ್ಟ್‌ಮೆಂಟ್ ಗೇಟಿನ ಆ್ಯಪಿನಲ್ಲಿ ಅಮ್ಮನ ಹೆಸರನ್ನ ಮನೆಯವರು ಅಂತ ಸೇರಿಸಿದ್ದಾನೆ. ಇದು ಮೊದಲಿನಿಂದಲೂ ಮಾಡಬಹುದಿತ್ತಂತೆ, ಯಾರೂ ಹೇಳಿರಲಿಲ್ಲ.

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಭಾವನ ಫೋನ್. ಜಮೀನು ಕೇಳಿದವರಿಗೆ ಸದ್ಯಕ್ಕಿಲ್ಲ ಅಂದರಂತೆ. ಮಗನಿಗೆ ಅಂತ ಮಹಡಿ ಮೇಲೆ ಕಟ್ಟಿಸಿದ ಎರಡು ಕೋಣೆ ಖಾಲಿ ಬಿದ್ದಿದೆಯಲ್ಲ, ಅದನ್ನ ಕಾಲೇಜಿನ ಮೇಷ್ಟ್ರೊಬ್ಬರು ಬಾಡಿಗೆಗೆ ಕೇಳ್ತಿದ್ದಾರೆ. ಎಷ್ಟು ತಿಂಗಳ ಅಡ್ವಾನ್ಸ್ ಕೇಳಲಿ, ನೀನೇ ಹೇಳು ಅಂದರು.

“ಎರಡು ತಿಂಗಳದ್ದು ಕೇಳಿ ಭಾವ” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

“ಎರಡೇನಾ?” ಅಂದರು.